ಕಾಮಾಲೆಯಿಲ್ಲದೆ ಬರುವ ಲಿವರ್ ತೊಂದರೆ

ಕ್ಯಾನ್ಸರ್‌ಗೆ ‘ಕರೆಂಟ್’ (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಊರಿಗೆ ಮರಳಿದವರ ತೂಕ ಒಂದೆರಡು ತಿಂಗಳಲ್ಲಿ ಏರತೊಡಗಿದರೆ ಮನೆಯವರಿಗೆ ಸಮಾಧಾನವೇ ಆಗುತ್ತದೆ. ಆದರೆ ಕೈಕಾಲು ಸೊರಗಿಯೇ ಇದ್ದು ಲುಂಗಿಯ ಗಂಟು, ಲಂಗದ ಲಾಡಿ ಮಾತ್ರ ಬಿಗಿಯಾಗುತ್ತಿದ್ದರೆ, ಅದು ಮೈ ತುಂಬಿಕೊಂಡದ್ದಲ್ಲ. ಹೊಟ್ಟೆಯಲ್ಲಿ ನೀರು ಸೇರುತ್ತಿರಬಹುದು.

ವಿಕಿರಣದಿಂದ ಯಕೃತ್ತಿಗೆ ಬಿದ್ದ ಪೆಟ್ಟು ಹೆಚ್ಚಾಗಿ ಹೊರಗೆ ಕಾಣುವುದು ಚಿಕಿತ್ಸೆ ಮುಗಿದ ಎರಡು ವಾರದಿಂದ ನಾಲ್ಕು ತಿಂಗಳೊಳಗೆ. ಸುಸ್ತು, ಬಲಪಕ್ಕೆಯಲ್ಲಿ ಭಾರ, ಹೊಟ್ಟೆ ಉಬ್ಬರ. ಕಾಮಾಲೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಲಿವರ್ ಕೆಟ್ಟರೆ ಕಣ್ಣು ಹಳದಿಯಾಗಲೇಬೇಕು ಎಂದುಕೊಂಡವರು ಮೋಸಹೋಗುವುದು ಇಲ್ಲೇ. ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಸರಿಯಾಗಿದ್ದು, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಾಮಾನ್ಯ ಮಟ್ಟದ ಎರಡು ಪಟ್ಟಿಗೂ ಮೀರಿ ಏರಿರುತ್ತದೆ.

ಮುಖ್ಯ ಪೆಟ್ಟು ಯಕೃತ್ತಿನೊಳಗಿನ ಅತಿ ಸಣ್ಣ ಅಭಿಧಮನಿಗಳಿಗೆ. ಅವುಗಳ ಒಳಪದರ ಗಾಯಗೊಂಡು, ಫೈಬ್ರಿನ್ ಎಳೆಗಳು ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ರಕ್ತ ಹೊರಹೋಗಲಾರದೆ ಯಕೃತ್ತು ಊದಿಕೊಳ್ಳುತ್ತದೆ, ಹೊಟ್ಟೆಯೊಳಕ್ಕೆ ನೀರು ಒಸರುತ್ತದೆ.

ಯಕೃತ್ತು ವಿಕಿರಣಕ್ಕೆ ಜಗ್ಗುವುದಿಲ್ಲವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಆ ನಂಬಿಕೆ ಅಲುಗಿದ್ದು 1965ರಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಗೋಲ್ಡ್, ಕಪ್ಲಾನ್ ಮತ್ತು ಸಂಗಡಿಗರು ಯಕೃತ್ತಿಗೆ ವಿಕಿರಣ ಪಡೆದ 40 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ 13 ಮಂದಿಗೆ ಈ ಕಾಯಿಲೆ ಬಂದಿತ್ತು.

ಇಡೀ ಯಕೃತ್ತಿಗೆ ಬೀಳುವ ವಿಕಿರಣದ ಪ್ರಮಾಣ ಸುಮಾರು 30 ಗ್ರೇ (ವಿಕಿರಣದ ಅಳತೆ) ದಾಟಿದರೆ ಅಪಾಯ ಬೇಗ ಏರುತ್ತದೆ. ಒಂದಷ್ಟು ಭಾಗವನ್ನು ಕಿರಣದಿಂದ ತಪ್ಪಿಸಿದರೆ ಲೆಕ್ಕವೇ ಬೇರೆ. ಸಿಟಿ ಸ್ಕ್ಯಾನ್ ಆಧರಿಸಿ ಯೋಜಿಸಿ, ಗಡ್ಡೆಗೆ ಮಾತ್ರ 60 ಗ್ರೇಗೂ ಹೆಚ್ಚು ಕೊಡಬಹುದೆಂದು ಮಿಷಿಗನ್ ವಿಶ್ವವಿದ್ಯಾಲಯದ ತಂಡ 1990ರ ದಶಕದಲ್ಲಿ ತೋರಿಸಿತು. ಇಂದಿನ ನಿಖರ ಚಿಕಿತ್ಸೆಗೆ ತಳಪಾಯ ಹಾಕಿದ ಕೆಲಸವಿದು. ಉಸಿರಾಡಿದಂತೆಲ್ಲ ಯಕೃತ್ತು ಮೇಲೆ ಕೆಳಗೆ ಸರಿಯುವುದರಿಂದ, ಉಸಿರು ಹಿಡಿಸಿ ಕಿರಣ ಹಾಯಿಸುವ ಕ್ರಮವೂ ಬಂದಿದೆ. ಯಂತ್ರದಡಿ ಮಲಗಿದವರಿಗೆ ‘ಉಸಿರು ಬಿಗಿಹಿಡಿಯಿರಿ’ ಎನ್ನುವುದು ಇದಕ್ಕೇ.

ಸಿರೋಸಿಸ್ ಇದ್ದವರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಹೆಪಟೈಟಿಸ್ ಬಿ ಸೋಂಕಿದ್ದವರಲ್ಲಿ ವಿಕಿರಣದ ನಂತರ ವೈರಸ್ ಮತ್ತೆ ಚುರುಕಾಗಬಹುದು. ಮೊದಲೇ ರಕ್ತಪರೀಕ್ಷೆ ಮಾಡಿಸಿದರೆ ಎಂಟೆಕಾವಿರ್, ಟೆನೊಫೊವಿರ್‌ನಂಥ ಮಾತ್ರೆಗಳಿಂದ ಅದನ್ನು ತಡೆಯಬಹುದು.

ಮುಚ್ಚಿದ ರಕ್ತನಾಳಗಳನ್ನು ಖಚಿತವಾಗಿ ತೆರೆಯುವ ಔಷಧವಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಅಗತ್ಯಬಿದ್ದರೆ ಸೂಜಿಯಿಂದ ನೀರು ತೆಗೆಯುವುದು, ಇಷ್ಟೇ ಆಸರೆ. ಹಲವರು ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಯಕೃತ್ತು ವಿಫಲವಾಗಿ ಜೀವಕ್ಕೇ ಕುತ್ತು ಬರುತ್ತದೆ. ಹಾಗಾಗಿ ಹೊಟ್ಟೆ ಉಬ್ಬಿದಾಗ ನೆಲನೆಲ್ಲಿ ಕಷಾಯ ಕುಡಿದು ವಾರಗಟ್ಟಲೆ ಕಾಯಬಾರದು. ಊರಿನ ವೈದ್ಯರ ಬಳಿ ಹೋಗುವಾಗ ವಿಕಿರಣ ಚಿಕಿತ್ಸೆಯ ಚೀಟಿ ಕೈಯಲ್ಲಿರಲಿ. ಯಾವ ಭಾಗಕ್ಕೆ, ಎಷ್ಟು ಗ್ರೇ, ಯಾವ ತಾರೀಖಿನವರೆಗೆ ಎಂಬುದು ಅದರಲ್ಲಿರುತ್ತದೆ.