ಐನೂರು ಸೈಟಿನಷ್ಟು ಆಟದ ಮನೆ

1950ರ ಜನಗಣತಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಜನಸಂಖ್ಯೆ 8,56,796. ಮರುವರ್ಷ ನಮ್ಮಲ್ಲಿ ತಲೆ ಎಣಿಸಿದಾಗ ಬೆಂಗಳೂರಿನ ಲೆಕ್ಕ ಎಂಟು ಲಕ್ಷಕ್ಕೆ ತುಸು ಕಡಿಮೆ ಬಂತು. ಹೆಚ್ಚುಕಡಿಮೆ ಒಂದೇ ಗಾತ್ರದ ಊರುಗಳು. ಅವರದೇ ಒಂದು ಕೈ ಮೇಲು. 2011ರ ಹೊತ್ತಿಗೆ ಬೆಂಗಳೂರು 84 ಲಕ್ಷ ದಾಟಿತು. ಸೇಂಟ್ ಲೂಯಿಸ್ 2020ರಲ್ಲಿ 3,01,578ಕ್ಕೆ ಇಳಿದಿತ್ತು. ಮಿಸಿಸಿಪ್ಪಿ ದಂಡೆಯ ಆ ಊರಿನ ಮೇಲೆ ಯಾರೂ ದಂಡೆತ್ತಿ ಬಂದಿರಲಿಲ್ಲ, ಹೊಳೆ ಊರನ್ನು ನುಂಗಿರಲಿಲ್ಲ, ಪ್ಲೇಗೂ ಬಡಿದಿರಲಿಲ್ಲ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾರು ಇದ್ದವರು, ಮುಖ್ಯವಾಗಿ ಬಿಳಿಯರು, ಹೊರವಲಯದ ಬಡಾವಣೆಗಳಿಗೆ ಹೊರಟುಹೋದರು. ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಊರು ಎಪ್ಪತ್ತು ವರ್ಷದಲ್ಲಿ ಕರಗಿತು.

ಜನ ಊರು ಬಿಡುವಾಗ ಕಟ್ಟಡ ಹೊತ್ತುಕೊಂಡು ಹೋಗುವುದಿಲ್ಲ. ಎಂಟೂವರೆ ಲಕ್ಷ ಜನಕ್ಕೆ ಸಾಲುವಷ್ಟು ಬ್ಯಾಂಕು, ಶಾಲೆ, ಗೋದಾಮು, ಚಿಮಣಿ ಇರುವ ಊರಲ್ಲಿ ಮೂರು ಲಕ್ಷ ಜನ ಉಳಿದರೆ ಮಿಕ್ಕಿದ್ದನ್ನೆಲ್ಲ ಏನು ಮಾಡುವುದು? ಸರ್ಕಾರಕ್ಕೆ ಹೊಳೆದದ್ದು ಸಿಡಿಮದ್ದು. ಪ್ರೂಯಿಟ್-ಐಗೊ ಎಂಬ ಬಡವರ ವಸತಿ ಸಮುಚ್ಚಯ ಇದೇ ಊರಿನದು: ತಲಾ 11 ಮಹಡಿಯ 33 ಕಟ್ಟಡ, 2,870 ಮನೆ. 1950ರ ದಶಕದ ನಡುವೆ ಕಟ್ಟಿ ಮುಗಿಸಿದ್ದನ್ನು 1972ರಲ್ಲಿ ಸಿಡಿಸಿ ಕೆಡವಲು ಶುರು ಮಾಡಿದರು. ಇಪ್ಪತ್ತು ವರ್ಷವೂ ಬಾಳಲಿಲ್ಲ. ಅದೇ ಊರಿನ ಒಬ್ಬ ಶಿಲ್ಪಿಗೆ ಬೇರೆಯೇ ಉತ್ತರ ಹೊಳೆಯಿತು: ಖಾಲಿ ಕಟ್ಟಡವನ್ನು ಊರಿನ ಗುಜರಿಯಿಂದ ತುಂಬಿ, ಬಾಗಿಲು ತೆಗೆದು, ಮಕ್ಕಳನ್ನು ಒಳಗೆ ಬಿಡುವುದು.

ಆ ಶಿಲ್ಪಿಯ ಹೆಸರು ಬಾಬ್ ಕ್ಯಾಸಿಲಿ. ಪ್ರೂಯಿಟ್-ಐಗೊ ಉರುಳತೊಡಗಿದ ಅದೇ 1972ರ ಮೇ 21ರಂದು ಈತ ರೋಮ್‌ನಲ್ಲಿದ್ದ. 22 ವರ್ಷ, ಹೊಸದಾಗಿ ಮದುವೆಯಾಗಿದ್ದ. ಸಂತ ಪೀಟರನ ಬೆಸಿಲಿಕಾದಲ್ಲಿ ಲಾಸ್ಲೊ ತೋತ್ ಎಂಬಾತ ಸುತ್ತಿಗೆ ಹಿಡಿದು ಮೈಕೆಲೇಂಜೆಲೊನ ‘ಪಿಯೆತಾ’ ಶಿಲ್ಪಕ್ಕೆ ಬಡಿಯತೊಡಗಿದ. ಮೇರಿಯ ಮೂಗು ಹಾರಿತು, ತೋಳು ಮುರಿಯಿತು. ಹಾರಿ ಹೋಗಿ ತೋತ್‌ನನ್ನು ಹಿಡಿದೆಳೆದವರಲ್ಲಿ ಕ್ಯಾಸಿಲಿಯೂ ಒಬ್ಬ. ಅಂದಿನಿಂದ ‘ಪಿಯೆತಾ’ ಗುಂಡು ತೂರದ ಗಾಜಿನ ಹಿಂದೆ ಕೂತಿದೆ. ಕಾಲು ಶತಮಾನದ ಮೇಲೆ ಕ್ಯಾಸಿಲಿ ತನ್ನ ಊರಿನಲ್ಲಿ ಕಟ್ಟಿ ನಿಲ್ಲಿಸಿದ ಸಿಟಿ ಮ್ಯೂಸಿಯಂನಲ್ಲಿ ಮುಟ್ಟಬಾರದು ಎಂಬ ಮಾತೇ ಇಲ್ಲ. ಅಲ್ಲಿ ಮುಟ್ಟುವುದಷ್ಟೇ ಅಲ್ಲ, ಒದೆಯಬಹುದು, ನೇತಾಡಬಹುದು, ಹೊಟ್ಟೆಯ ಮೇಲೆ ತೆವಳಬಹುದು.

ಕಟ್ಟಡದ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಸೇಂಟ್ ಲೂಯಿಸ್ ಬಗ್ಗೆ ಹಳೆಯ ಕುಚೋದ್ಯದ ಮಾತೊಂದಿದೆ. ಬೂಟಿನಲ್ಲಿ ಮೊದಲು, ಬಿಯರಿನಲ್ಲಿ ಮೊದಲು, ಬೇಸ್‌ಬಾಲಿನಲ್ಲಿ ಕೊನೆ. ಬೂಟಿನ ಆ ಮೊದಲ ಸ್ಥಾನಕ್ಕೆ ಕಾರಣ ಇಂಟರ್‌ನ್ಯಾಷನಲ್ ಶೂ ಕಂಪನಿ. 1911ರಲ್ಲಿ ಎರಡು ಕಂಪನಿಗಳು ಕೂಡಿ ಹುಟ್ಟಿದ್ದು, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಬೂಟು ತಯಾರಕ. ನಾಟಕಕಾರ ಟೆನೆಸಿ ವಿಲಿಯಮ್ಸ್ ಹರೆಯದಲ್ಲಿ ಇದೇ ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ ರೋಸಿಹೋದವನು. ಅಮೆರಿಕದಲ್ಲಿ ಕಾನೂನು ಓದುವ ಪ್ರತಿಯೊಬ್ಬರೂ ಈ ಕಂಪನಿಯ ಹೆಸರನ್ನು 1945ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನ ದೆಸೆಯಿಂದ ಬಾಯಿಪಾಠ ಮಾಡಿರುತ್ತಾರೆ. ಆ ಕಂಪನಿಯ ಹತ್ತು ಮಹಡಿಯ ಕಾರ್ಖಾನೆ ಮತ್ತು ಗೋದಾಮು ಬಹುಪಾಲು ಖಾಲಿ ಬಿದ್ದಿದ್ದಾಗ, 1993ರಲ್ಲಿ, ಬಾಬ್ ಮತ್ತು ಆಗಿನ ಆತನ ಹೆಂಡತಿ ಗೇಲ್ ಕೊಂಡರು. 1995ರ ಜನವರಿಯಲ್ಲಿ ಕೆಲಸ ಶುರುವಾಗಿ 1997ರ ಅಕ್ಟೋಬರ್ 25ರಂದು ಬಾಗಿಲು ತೆರೆಯಿತು. ಒಟ್ಟು ವಿಸ್ತೀರ್ಣ 6 ಲಕ್ಷ ಚದರ ಅಡಿ. ನಮ್ಮ ಥರ್ಟಿ-ಫಾರ್ಟಿ ಲೆಕ್ಕದಲ್ಲಿ ಹೇಳಬೇಕೆಂದರೆ ಸರಿಯಾಗಿ 500 ಸೈಟು. ಒಂದು ಸಾಧಾರಣ ಬಡಾವಣೆಯನ್ನೇ ಹತ್ತು ಪದರವಾಗಿ ಮಡಚಿ ಗೋಡೆ ಕಟ್ಟಿದ ಹಾಗೆ.

ಹೋಲಿಕೆಗೆ ನೋಡಿ: ನ್ಯೂ ಮೆಕ್ಸಿಕೊದ ಸಾಂತಾ ಫೆಯಲ್ಲಿ ಮಿಯಾವ್ ವುಲ್ಫ್ ಎಂಬ ಕಲಾವಿದರ ತಂಡ 2016ರಲ್ಲಿ ಹಳೆಯ ಬೌಲಿಂಗ್ ಅಂಗಳವೊಂದರಲ್ಲಿ ಮಾಡಿದ ಪ್ರಸಿದ್ಧ ಮಾಯಾಮನೆಯ ಹರವು ಸುಮಾರು 20 ಸಾವಿರ ಚದರ ಅಡಿ. ಅಂಥ ಮೂವತ್ತನ್ನು ಈ ಬೂಟಿನ ಕಾರ್ಖಾನೆಯೊಳಗೆ ಇಡಬಹುದು.

ಅಂಕಿಗಳು ಕಾಗದದ ಮೇಲಿದ್ದಷ್ಟು ಹೊತ್ತು ಸುಮ್ಮನಿರುತ್ತವೆ. ಮೊಮ್ಮಕ್ಕಳ ಜೊತೆ ಒಳಗೆ ಹೋದರೆ ಅವು ನಮ್ಮ ಭುಜಕ್ಕೆ, ಸೊಂಟಕ್ಕೆ, ಮಂಡಿಗೆ ತಾಗತೊಡಗುತ್ತವೆ. ನೆಲಮಹಡಿಯಲ್ಲಿ ತಿಮಿಂಗಿಲವೊಂದಿದೆ, ಅದರ ನಿಜಗಾತ್ರದಲ್ಲೇ. ಬಾಯಿಂದ ಹೊಕ್ಕು ಮೈಯೊಳಗೆ ನಡೆಯಬಹುದು. ಅಲ್ಲಿಗೆ ಇನ್ನೂ ಎಲ್ಲರೂ ನಿಂತೇ ನಡೆಯುತ್ತಾರೆ. ಸ್ವಲ್ಪ ಮುಂದೆ ಹೋದರೆ ಗೋಡೆಯಲ್ಲಿ ಒಂದು ತೂತು, ನೆಲದಲ್ಲಿ ಒಂದು ತೂತು, ಚಾವಣಿಯಿಂದ ಇಳಿಬಿದ್ದ ಕಂಬಿಯ ಸುರುಳಿಯೊಳಗೆ ಇನ್ನೊಂದು. ಮಕ್ಕಳು ಮಾಯ. ಒಂದು ನಿಮಿಷದ ಮೇಲೆ ತಲೆಯ ಮೇಲಿಂದ ನಗು ಕೇಳುತ್ತದೆ. ಕತ್ತೆತ್ತಿದರೆ ಸರಳುಗಳ ನಡುವೆ ಪರಿಚಿತ ಕಾಲುಚೀಲ. ‘ತಾತ, ಇಲ್ಲಿಂದ ಬಾ!’ ಎಂಬ ಕರೆ ಬರುತ್ತದೆ, ‘ಇಲ್ಲಿಂದ’ ಎಂದರೆ ಎಲ್ಲಿಂದ ಎಂದು ಮಾತ್ರ ತಿಳಿಯುವುದಿಲ್ಲ. ಕೈಗೆ ಕೊಡಲು ನಕ್ಷೆಯಂತೂ ಇಲ್ಲ. ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು.

ಇಷ್ಟು ದೊಡ್ಡ ಜಾಗದಲ್ಲಿ ಇಷ್ಟು ಸಣ್ಣ ದಾರಿಗಳೇ ಯಾಕೆ ಎಂದು ಮೊದಲು ಬೆರಗಾಗುತ್ತದೆ. ಕೊಂಚ ಹೊತ್ತಿನಲ್ಲಿ ಅಳತೆಗೋಲು ಬೇರೆಯದು ಎಂದು ಗೊತ್ತಾಗುತ್ತದೆ. ಎಂಟು ವರ್ಷದ ಹುಡುಗನ ಎದೆಯ ಸುತ್ತಳತೆ ಇಲ್ಲಿಯ ಮಾನ. ಐವತ್ತು ದಾಟಿದವನ ಹೊಟ್ಟೆ ಲೆಕ್ಕಕ್ಕಿಲ್ಲ. ಹೊರಗಿನ ಲೋಕದಲ್ಲಿ ಮೆಟ್ಟಿಲು, ಬಾಗಿಲ ಚಿಲಕ, ಊಟದ ಮೇಜು ಎಲ್ಲವೂ ದೊಡ್ಡವರ ಅಳತೆಗೆ ಇರುತ್ತವೆ, ಮಕ್ಕಳು ಮೂರು ಹೊತ್ತೂ ಎಟುಕದ ಲೋಕದಲ್ಲಿ ಬದುಕುತ್ತಾರೆ. ಇಲ್ಲಿ ಎಟುಕದೆ ಒದ್ದಾಡುವ ಸರದಿ ನಮ್ಮದು.

ಕಟ್ಟಡದ ನಡುವೆ ನೆಲದಿಂದ ಹತ್ತನೆಯ ಮಹಡಿಯವರೆಗೆ ಕೊರೆದಂತಿರುವ ಗವಿಯೇ ನನ್ನ ಮಟ್ಟಿಗೆ ಇಡೀ ಜಾಗದ ಜೀವ. ಮಂದಬೆಳಕು, ಗೋಡೆಯಿಂದ ಅರ್ಧ ಹೊರಬಂದ ಡ್ರ್ಯಾಗನ್ನು, ಹಾವು, ಮೀನುಗಳು, ಮೇಲಕ್ಕೆ ಸುತ್ತುತ್ತ ಹೋಗುವ ಮೆಟ್ಟಿಲು. ನ್ಯೂಯಾರ್ಕಿನ ರಿವೋಲಿ ಥಿಯೇಟರಿನಲ್ಲಿದ್ದ 1924ರ ವುರ್ಲಿಟ್ಜರ್ ಆರ್ಗನ್ ಇಲ್ಲಿದೆ. ಮೂಕಿ ಚಿತ್ರಗಳ ಕಾಲದ ವಾದ್ಯ. ಅದನ್ನು ನುಡಿಸಿದಾಗ ಹತ್ತು ಮಹಡಿಯ ಆ ಬಾವಿಯೇ ಗುಂಯ್‌ಗುಡುತ್ತದೆ. ಈ ಗವಿ ಇದ್ದಲ್ಲಿ ಮೊದಲಿದ್ದದ್ದು ಬೂಟು ಇಳಿಸುವ ವ್ಯವಸ್ಥೆ. ಬೇರೆಬೇರೆ ಮಹಡಿಗಳಲ್ಲಿ ತಯಾರಾದ ಬೂಟುಗಳನ್ನು ಕೆಳಗೆ ಲಾರಿಗೆ ತುಂಬುವ ಕಟ್ಟೆಗೆ ತಲುಪಿಸಲು ಲಿಫ್ಟೂ ಬೇಡ, ಕೂಲಿಯೂ ಬೇಡ ಎಂದು ಕಂಪನಿ ಸುರುಳಿಯಾಕಾರದ ಲೋಹದ ಜಾರುದಾರಿಗಳನ್ನು ಮಾಡಿಸಿತ್ತು. ಮೇಲೆ ಇಟ್ಟರೆ ಸಾಕು, ಬೂಟು ತಾನೇ ಗಿರಗಿರ ತಿರುಗುತ್ತ ಇಳಿಯುತ್ತಿತ್ತು. ಕ್ಯಾಸಿಲಿ ಆ ಜಾರುದಾರಿಗಳನ್ನು ಕಿತ್ತು ತೂಕಕ್ಕೆ ಮಾರಲಿಲ್ಲ. ಮೂರು ಮಹಡಿಯದೊಂದು, ಹತ್ತು ಮಹಡಿಯದೊಂದು ಜಾರುಬಂಡಿ ಮಾಡಿ ಬಿಟ್ಟ. ಬೂಟು ಇಳಿಯುತ್ತಿದ್ದ ಹಾದಿಯಲ್ಲಿ ಈಗ ಬೂಟು ತೊಟ್ಟ ಮಕ್ಕಳು ಇಳಿಯುತ್ತಾರೆ. ನಮ್ಮ ಪಾರ್ಕುಗಳ ಜಾರುಬಂಡಿ ಹೆಚ್ಚೆಂದರೆ ಆಳೆತ್ತರ, ಕೂರುವುದರೊಳಗೆ ಮುಗಿಯುತ್ತದೆ. ಇಲ್ಲಿ ಒಂದು ಸುತ್ತು, ಎರಡು ಸುತ್ತು, ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದು ಸುತ್ತು. ಹೆದರಿಕೆಯೂ ದಣಿದು ನಗೆಯಾಗುತ್ತದೆ. ಇನ್ನೊಮ್ಮೆ ಜಾರಬೇಕೆಂದರೆ ಹತ್ತು ಮಹಡಿ ಮತ್ತೆ ಹತ್ತಬೇಕು. ಮಕ್ಕಳು ಹತ್ತುತ್ತಾರೆ.

ಮೂರನೆಯ ಮಹಡಿಯಲ್ಲಿ ಹಳೆಯ ಯಂತ್ರಗಳು ಇಂದಿಗೂ ಬೂಟಿನ ಲೇಸು ಹೆಣೆಯುತ್ತವೆ. ಜಗತ್ತಿಗೆಲ್ಲ ಬೂಟು ಹೊಲಿದ ಕಂಪನಿಯ ಮನೆಯಲ್ಲಿ ಉಳಿದದ್ದು ಲೇಸು ಮಾತ್ರ.

ಹೊರಗೆ, ಬಾಗಿಲ ಬಳಿ, ಆಕಾಶಕ್ಕೆ ಹೆಣೆದ ಕಬ್ಬಿಣದ ಬಲೆಯಂತೆ ನಿಂತಿರುವುದು ಮಾನ್‌ಸ್ಟ್ರೊಸಿಟಿ. 2002ರಲ್ಲಿ ತೆರೆದದ್ದು. ಎರಡು ಸೇಬರ್‌ಲೈನರ್ ಜೆಟ್ ವಿಮಾನಗಳ ಒಡಲು, ಒಂದು ಫೈರ್ ಇಂಜಿನ್ನು, ಒಂದು ಕೋಟೆ ಬುರುಜು. ಇವನ್ನೆಲ್ಲ ಕಂಬಿಯ ಸುರಂಗಗಳು ಗಾಳಿಯಲ್ಲೇ ಜೋಡಿಸುತ್ತವೆ. ತೆವಳುತ್ತ ಹೋಗುವಾಗ ಕೆಳಗೆ ನೋಡಿದರೆ ಸರಳುಗಳ ಸಂದಿನಲ್ಲಿ ನೆಲ ಬಹಳ ದೂರದಲ್ಲಿರುತ್ತದೆ. ಕೆಳಗೆ ನೋಡುವವರು ನಾವು ಮಾತ್ರ. ಮಾಳಿಗೆಯ ಮೇಲೊಂದು ಜಯಂಟ್ ವ್ಹೀಲ್. ಹತ್ತು ಮಹಡಿಯ ನೆತ್ತಿಯಿಂದ ತಿರುಗಲು ಶುರುಮಾಡುವುದರಿಂದ ಸಣ್ಣ ತೊಟ್ಟಿಲೂ ಗಗನಕ್ಕೇರಿಸುತ್ತದೆ. ಪಕ್ಕದಲ್ಲಿ ಹಳದಿ ಸ್ಕೂಲ್ ಬಸ್ಸು. ಅದರ ಮೂತಿ ಕಟ್ಟಡದ ಅಂಚು ದಾಟಿ ಬಯಲಿಗೆ ಚಾಚಿದೆ. ಮಕ್ಕಳು ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಾರೆ, ಗಾಜಿನಾಚೆ ರಸ್ತೆಯೇ ಇರುವುದಿಲ್ಲ.

ಇದೆಲ್ಲ ಬಹುಪಾಲು ಅದೇ ಊರಿನ ಗುಜರಿ: ಹಳೆ ಸೇತುವೆಯ ತುಂಡು, ಚಿಮಣಿ, ಕ್ರೇನು, ಟೈಲ್ಸು, ಬ್ಯಾಂಕಿನ ತಿಜೋರಿ ಬಾಗಿಲು. ಹೊರಗಿನಿಂದ ಬಂದವೂ ಇವೆ, ಅವುಗಳಲ್ಲಿ ನಮಗೆ ದೂರದ ನಂಟಿರುವುದು ಒಂದು ಪೆನ್ಸಿಲ್. ಉದ್ದ 76 ಅಡಿ, ತೂಕ ಎಂಟು ಟನ್ನಿಗೂ ಹೆಚ್ಚು. ಬಂಗಾಳದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಗುರು ಶ್ರೀ ಚಿನ್ಮಯ್ ಅವರಿಗೆ 2007ರಲ್ಲಿ 76 ತುಂಬಿದಾಗ, ಗಿನ್ನೆಸ್ ದಾಖಲೆಗಳನ್ನು ರಾಶಿ ಹಾಕಿಕೊಂಡಿರುವ ಶಿಷ್ಯ ಅಶ್ರಿತ ಫರ್ಮನ್ ವರ್ಷಕ್ಕೊಂದು ಅಡಿಯಂತೆ ಮಾಡಿಸಿದ ಹುಟ್ಟುಹಬ್ಬದ ಉಡುಗೊರೆ ಇದು. ಮಕ್ಕಳ ಕಂಪಾಸು ಬಾಕ್ಸಿನ ಪೆನ್ಸಿಲುಗಳನ್ನು ಸಾಲಾಗಿಟ್ಟರೆ 120ಕ್ಕೂ ಹೆಚ್ಚು ಬೇಕು. ಗುರುಗಳಿಗೆ ಪೆನ್ಸಿಲೇ ಯಾಕೆ ಎಂದು ಮೊಮ್ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈಚಿನ ವರ್ಷಗಳಲ್ಲಿ ಮಕ್ಕಳನ್ನು ಕಲೆಯೊಳಗೆ ಮುಳುಗಿಸುವ ಜಾಗ ಎಂದರೆ ಕತ್ತಲ ಕೋಣೆ, ಪ್ರೊಜೆಕ್ಟರು, ಗೋಡೆ ತುಂಬ ಹರಿಯುವ ಬಣ್ಣ ಎಂಬಂತಾಗಿದೆ. ಅದರಲ್ಲೂ ದೈತ್ಯರಿದ್ದಾರೆ. ಟೋಕಿಯೊದ ಒಡೈಬಾದಲ್ಲಿ ಟೀಮ್‌ಲ್ಯಾಬ್ 2018ರಲ್ಲಿ ತೆರೆದ ಬಾರ್ಡರ್‌ಲೆಸ್‌ನಲ್ಲಿ 520 ಕಂಪ್ಯೂಟರು, 470 ಪ್ರೊಜೆಕ್ಟರು, 10 ಸಾವಿರ ಚದರ ಮೀಟರ್ ಜಾಗ. ಮೊದಲ ವರ್ಷವೇ 23 ಲಕ್ಷ ಜನ ಬಂದರು. 2022ರಲ್ಲಿ ಆ ಜಾಗ ಮುಚ್ಚುವವರೆಗೆ, ಮಗು ಬಣ್ಣ ಹಚ್ಚಿದ ಮೀನು ಅಲ್ಲಿ ಗೋಡೆಯ ಮೇಲೆ ಜೀವ ತಳೆದು ಈಜುತ್ತಿತ್ತು. ಚೆಂದವೇ, ಸಂದೇಹವಿಲ್ಲ. ಆದರೆ ನನಗೆ ಕಬ್ಬಿಣವೇ ಇಷ್ಟ. ಬೆಳಕಿಗೆ ಕೈ ಹಾಕಿದರೆ ಬೆಳಕು ಸರಿದು ದಾರಿ ಬಿಡುತ್ತದೆ. ಸರಳಿಗೆ ಕೈ ಹಾಕಿದರೆ ಅದು ತಣ್ಣಗೆ, ಒರಟಾಗಿ, ಅಲುಗಾಡದೆ ನಿಲ್ಲುತ್ತದೆ, ಮೈಯನ್ನು ಎತ್ತಿಕೊಳ್ಳುವ ಕೆಲಸವನ್ನು ಮಗುವಿಗೇ ಬಿಡುತ್ತದೆ. ಮಂಡಿ ತರಚುತ್ತದೆ, ತಲೆ ಕಂಬಿಗೆ ಠಣ್ ಎನ್ನುತ್ತದೆ. ಅಮೆರಿಕದಂಥ ದಾವೆಯ ದೇಶದಲ್ಲಿ ಇಂಥ ಜಾಗ ಉಳಿದಿರುವುದೇ ಒಂದು ಸೋಜಿಗ. ಪುಟ್ಟ ಕೂಸುಗಳಿದ್ದರೆ ಒಂದು ಕಣ್ಣು ಸದಾ ಅವುಗಳ ಮೇಲಿರಲಿ. ಅಪಾಯವಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

2010ರ ಹೊತ್ತಿಗೆ ಇಲ್ಲಿಗೆ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಬರುತ್ತಿದ್ದರು. ಊರಲ್ಲಿ ಇಂದು ಉಳಿದವರ ಸಂಖ್ಯೆಯ ಎರಡು ಪಟ್ಟಿಗೂ ಮೀರಿದ್ದು. ಬಿಟ್ಟುಹೋದ ಊರಿಗೆ ಆಡಲು ಬರುವವರೇ ಹೆಚ್ಚಾದರು. ಕ್ಯಾಸಿಲಿಗೆ ಅಷ್ಟೂ ಸಾಲಲಿಲ್ಲ. ಊರ ಅಂಚಿನ 54 ಎಕರೆಯ ಹಳೆ ಸಿಮೆಂಟ್ ಕಾರ್ಖಾನೆಯನ್ನು ಹಿಡಿದು ‘ಸಿಮೆಂಟ್‌ಲ್ಯಾಂಡ್’ ಕಟ್ಟತೊಡಗಿದ್ದ. 2011ರ ಸೆಪ್ಟೆಂಬರಿನಲ್ಲಿ ಅಲ್ಲೇ, ಬುಲ್ಡೋಜರಿನೊಳಗೆ, ಶವವಾಗಿ ಸಿಕ್ಕ. ಆ ಕೆಲಸ ಮುಗಿಯಲೇ ಇಲ್ಲ.

ಇಂಥದ್ದು ಬೆಂಗಳೂರಿನಲ್ಲಿ ಯಾಕಿಲ್ಲ ಎಂದು ಮರಳಿ ಬಂದವರು ಕೇಳುವುದುಂಟು. ಉತ್ತರ ಮೊದಲ ಪ್ಯಾರಾದ ಅಂಕಿಗಳಲ್ಲೇ ಇದೆ. ಜನ ಬಿಟ್ಟುಹೋದ ಊರಲ್ಲಿ ಹತ್ತು ಮಹಡಿಯ ಕಾರ್ಖಾನೆ ಒಬ್ಬ ಶಿಲ್ಪಿಯ ಕೈಗೆಟುಕುತ್ತದೆ. ಜನ ನುಗ್ಗುತ್ತಿರುವ ಊರಲ್ಲಿ ಐನೂರು ಸೈಟನ್ನು ಆಟಕ್ಕೆ ಬಿಡುವವರು ಯಾರು? ಮಲ್ಲೇಶ್ವರದ ರಾಜಾ ಮಿಲ್ಲು ನಿಂತಿದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ಆ ಜಾರುಬಂಡಿಯ ಎತ್ತರಕ್ಕೆ ಸೇಂಟ್ ಲೂಯಿಸ್ ತೆತ್ತ ಬೆಲೆ ಐದೂವರೆ ಲಕ್ಷ ಜನ. ಅಂಥ ಸ್ಥಿತಿ ನಮಗೆ ಬರಲಿ ಎಂದು ಹಾರೈಸುವ ಹಾಗಿಲ್ಲ. ಆದರೂ ಮುಚ್ಚಿದ ಒಂದು ಗಿರಣಿಯ ಒಂದು ಮಹಡಿಯನ್ನಾದರೂ ಮಕ್ಕಳಿಗೆ ಬಿಟ್ಟಿದ್ದರೆ ನಗರ ಮುಳುಗುತ್ತಿರಲಿಲ್ಲ.

ಮಗಳ ಬಾಣಂತನಕ್ಕೋ ಮಗನ ಮನೆಯ ಆರು ತಿಂಗಳಿಗೋ ಅಮೆರಿಕದ ಆ ಭಾಗಕ್ಕೆ ಹೋಗುವವರು ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದಿಡೀ ದಿನ ಇಟ್ಟುಕೊಳ್ಳಿ. ಸೀರೆ, ಪಂಚೆ ಬೇಡ. ಉದ್ದ ಪ್ಯಾಂಟು, ಬೆರಳು ಮುಚ್ಚುವ ಶೂ ಹಾಕಿ, ಜೇಬಿನಲ್ಲೊಂದು ಸಣ್ಣ ಟಾರ್ಚಿರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮೊದಲೇ ಮಕ್ಕಳಿಗೆ ಹೇಳಿಡಿ, ಯಾಕೆಂದರೆ ತಪ್ಪಿಸಿಕೊಳ್ಳುವುದಂತೂ ಖಂಡಿತ. ಮಂಡಿಗೆ ಕಟ್ಟುವ ಪ್ಯಾಡು ಅಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ. ಮಕ್ಕಳಿಗೆ ಬೇಕಾಗುವುದಿಲ್ಲ, ನಿಮಗೆ ಕೊಂಡುಕೊಳ್ಳಿ.