ನಿಮಗಿದು ಗೊತ್ತೆ? ಕೋಡಿ, ಪ್ಲೆಕ್ಸ್ ಒಂದೇ ಬೇರಿನವು
ಟಿವಿ ಪರದೆಯಲ್ಲಿ ಸಿನಿಮಾ ತೋರಿಸುವ ‘ಕೋಡಿ’ ಎಂಬ ಉಚಿತ ತಂತ್ರಾಂಶ ಹುಟ್ಟಿದ್ದು ಮೈಕ್ರೋಸಾಫ್ಟ್‌ನ ವಿಡಿಯೊ ಗೇಮ್ ಯಂತ್ರ ಎಕ್ಸ್‌ಬಾಕ್ಸ್‌ಗಾಗಿ. ಮೊದಲಿನ ಹೆಸರು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್. ಕೋಡಿ ಆದದ್ದು 2014ರಲ್ಲಿ. ಇದರ ಮ್ಯಾಕ್ ಆವೃತ್ತಿಯಿಂದ 2008ರಲ್ಲಿ ಕವಲೊಡೆದ ‘ಪ್ಲೆಕ್ಸ್’ ಸರ್ವರ್ ದಾರಿ ಹಿಡಿಯಿತು: ಚಿತ್ರಗಳೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ, ನೋಡುವುದು ಯಾವ ಕೋಣೆಯಲ್ಲಾದರೂ ಸರಿ.

ಈ ದಾಯಾದಿಗಳನ್ನು ಮತ್ತೆ ಕೂಡಿಸಲು ‘ಪ್ಲೆಕ್ಸ್‌ಕೋಡಿಕನೆಕ್ಟ್’ ಎಂಬ ಆಡ್-ಆನ್ ಇದೆ. ಸರ್ವರ್‌ನಲ್ಲಿರುವ ಚಿತ್ರಗಳ ಪಟ್ಟಿಯನ್ನು ಅದು ಕೋಡಿಯ ಸ್ವಂತ ಡೇಟಾಬೇಸ್‌ಗೇ ಇಳಿಸುತ್ತದೆ. ಹಾಗಾಗಿ ದೊಡ್ಡ ಸಂಗ್ರಹವಿದ್ದರೂ ಮೆನು ತಡವರಿಸುವುದು ಕಡಿಮೆ. ಹಾಲ್‌ನಲ್ಲಿ ಅರ್ಧಕ್ಕೆ ಬಿಟ್ಟ ಸಿನಿಮಾ ಮಲಗುವ ಕೋಣೆಯಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಅಂದಹಾಗೆ, ಕೋಡಿಯ ಜೊತೆ ಒಂದೂ ಸಿನಿಮಾ ಬರುವುದಿಲ್ಲ. ಅದನ್ನು ನೀವೇ ಹೊಂದಿಸಿಕೊಳ್ಳಬೇಕು.