ನಾತಕ್ಕೊಂದು ಅಳತೆ

ಬೆಂಗಳೂರಿನ ಪೂರ್ವಕ್ಕಿರುವ ಮಂಡೂರಿನ ಜನ 2014ರಲ್ಲಿ ಕಸದ ಲಾರಿಗಳಿಗೆ ಅಡ್ಡ ನಿಂತರು. ಆ ವರ್ಷದ ಕೊನೆಯ ಹೊತ್ತಿಗೆ ನಗರದ ಕಸ ಅಲ್ಲಿಗೆ ಹೋಗುವುದು ನಿಂತಿತು. ಇಂಥ ಊರುಗಳ ದೂರಿನಲ್ಲಿ ಕೆಟ್ಟ ನೀರು, ನೊಣ, ಕಾಯಿಲೆ ಎಲ್ಲವೂ ಇರುತ್ತವೆ. ನೀರು ಕೆಟ್ಟಿದ್ದರೆ ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಬಹುದು. ನಾತ ಹೊಡೆಯುತ್ತಿದ್ದರೆ? ಎಷ್ಟು ನಾತ, ಎಲ್ಲಿಂದ ಏಳುತ್ತಿದೆ, ಎಷ್ಟು ದೂರ ಹೋಗುತ್ತದೆ ಎಂದು ಹೇಳುವುದು ಹೇಗೆ? ಅದಕ್ಕೂ ಒಂದು ಲೆಕ್ಕವಿದೆ. ಆ ಲೆಕ್ಕದ ಮೊದಲ ಉಪಕರಣ ಮನುಷ್ಯನ ಮೂಗು.

ಕಸದ ಗುಡ್ಡೆಯ ನಾತ ಒಂದೇ ಬಗೆಯದಲ್ಲ. ಆಗತಾನೆ ಲಾರಿಯಿಂದ ಸುರಿದ ಹಸಿಕಸಕ್ಕೆ ಹುಳಿ, ಹಳಸಲು, ಕಮಟು ತುಪ್ಪದಂಥ ವಾಸನೆ. ಬ್ಯುಟಿರಿಕ್ ಆಮ್ಲದಂಥವು ಇದಕ್ಕೆ ಕಾರಣ. ಮಣ್ಣಿನಡಿ ಹೂತು ಗಾಳಿಯಾಡದೆ ಕೊಳೆತ ಕಸದಿಂದ ಏಳುವ ಅನಿಲದ್ದು ಬೇರೆ. ಅದರಲ್ಲಿ ಸುಮಾರು ಅರ್ಧ ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಇವೆರಡಕ್ಕೂ ವಾಸನೆಯೇ ಇಲ್ಲ. ಮೂಗು ಮುಚ್ಚಿಸುವುದು ನೂರರಲ್ಲಿ ಒಂದು ಪಾಲೂ ಇರದ ಉಳಿಕೆ: ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್, ಜೊತೆಗೆ ಮರ್ಕ್ಯಾಪ್ಟನ್‌ಗಳು. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ಸಿಲಿಂಡರಿಗೆ ಬೆರೆಸುವುದೂ ಈ ಮರ್ಕ್ಯಾಪ್ಟನ್ ಗುಂಪಿನದೇ. ಮೂರನೆಯದು ಗುಡ್ಡೆಯ ಬುಡದಲ್ಲಿ ಸೋರಿ ನಿಲ್ಲುವ ಕಪ್ಪು ರಸದ ನಾತ. ಅಂದಾಜು ಮಾಡಲು ಹೊರಟವರು ಈ ಮೂರನ್ನೂ ಬೇರೆ ಬೇರೆ ಅಳೆಯಬೇಕು. ಒಂದನ್ನೇ ಅಳೆದು ಗುಡ್ಡೆಯ ಲೆಕ್ಕ ಮುಗಿಯಿತೆಂದರೆ ಅದು ತಪ್ಪು ಲೆಕ್ಕ.

ಈಗ ಅಳತೆಗೆ ಬರೋಣ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದಿಟ್ಟುಕೊಳ್ಳಿ. ಎಷ್ಟು ಜಾಸ್ತಿ ಎಂದು ತಿಳಿಯಲು ಒಂದು ದಾರಿ, ನೀರು ಬೆರೆಸುತ್ತಾ ಹೋಗಿ ಉಪ್ಪಿನ ರುಚಿ ನಾಲಗೆಗೆ ಸಿಗದಂತಾಗುವ ತನಕ ಎಷ್ಟು ಪಟ್ಟು ಬೆರೆಸಬೇಕಾಯಿತು ಎಂದು ನೋಡುವುದು. ವಾಸನೆಯ ಅಳತೆಯೂ ಹೀಗೆಯೇ. ಗುಡ್ಡೆಯ ಮೇಲಿನ ಗಾಳಿಯನ್ನು ತನ್ನದೇ ವಾಸನೆ ಬಿಡದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ತರುತ್ತಾರೆ. ಅದಕ್ಕೆ ಶುದ್ಧ ಗಾಳಿ ಬೆರೆಸಿ ಕನಿಷ್ಠ 4 ಜನರಿಗೆ ಮೂಸಲು ಕೊಡುತ್ತಾರೆ. ಅರ್ಧದಷ್ಟು ಮೂಗುಗಳಿಗೆ ಸಿಕ್ಕು ಉಳಿದರ್ಧಕ್ಕೆ ಸಿಗದ ಹಂತ ಮುಟ್ಟಲು 500 ಪಟ್ಟು ಬೆರೆಸಬೇಕಾಯಿತೇ? ಹಾಗಾದರೆ ಆ ಗಾಳಿಯ ಒಂದು ಘನ ಮೀಟರಿನಲ್ಲಿ 500 ವಾಸನೆ ಏಕಮಾನಗಳಿವೆ.

ಒಬ್ಬೊಬ್ಬರ ಮೂಗು ಒಂದೊಂದು ಥರ, ಇದೆಂಥ ಅಳತೆ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಯುರೋಪಿನವರು 2003ರಲ್ಲಿ ಇಎನ್ 13725 ಎಂಬ ಮಾನಕ ತಂದು ಇದಕ್ಕೆ ಉತ್ತರ ಕೊಟ್ಟರು. ತಕ್ಕಡಿಗೆ ಕಲ್ಲಿದ್ದಂತೆ ಇಲ್ಲಿ ಎನ್-ಬ್ಯುಟನಾಲ್ ಎಂಬ ರಾಸಾಯನಿಕವಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಅದರ 123 ಮೈಕ್ರೋಗ್ರಾಂ ಇದ್ದರೆ ಅದೇ ಒಂದು ಏಕಮಾನ. ನೂರು ಕೋಟಿ ಪಾಲು ಗಾಳಿಗೆ 40 ಪಾಲು ಎಂದು ಇದನ್ನು ಹೇಳಬಹುದು. 20ರಿಂದ 80 ಪಾಲಿನೊಳಗೆ ಇದನ್ನು ಹಿಡಿಯುವ ಮೂಗಿದ್ದವರಿಗೆ ಮಾತ್ರ ಆ ಕೋಣೆಯಲ್ಲಿ ಕುರ್ಚಿ. ಅತಿ ಚುರುಕು ಮೂಗಿನವರಿಗೂ ಮಂದ ಮೂಗಿನವರಿಗೂ ಅಲ್ಲಿ ಕೆಲಸವಿಲ್ಲ. ಚೀಲದ ಗಾಳಿಯನ್ನು 30 ಗಂಟೆಯೊಳಗೆ ಮೂಸಿ ಮುಗಿಸಬೇಕು, ತಡವಾದರೆ ವಾಸನೆ ಬದಲಾಗುತ್ತದೆ.

ಇಷ್ಟಾದರೆ ಒಂದು ಚೀಲದ ಗಾಳಿಯ ಲೆಕ್ಕ ಸಿಕ್ಕಿತು. ನಮಗೆ ಬೇಕಾದದ್ದು ಇಡೀ ಗುಡ್ಡೆ ಕ್ಷಣಕ್ಷಣಕ್ಕೆ ಉಗುಳುವ ನಾತ. ಅದಕ್ಕಾಗಿ ಕಸದ ಮೇಲೆ ತಳವಿಲ್ಲದ ಡಬ್ಬಿಯೊಂದನ್ನು ಬೋರಲು ಹಾಕಿ, ಒಂದು ಬದಿಯಿಂದ ಶುದ್ಧ ಗಾಳಿ ಹಾಯಿಸಿ, ಇನ್ನೊಂದು ಬದಿಯಲ್ಲಿ ಹೊರಬಂದದ್ದನ್ನು ಚೀಲಕ್ಕೆ ಹಿಡಿಯುತ್ತಾರೆ. ಲೆಕ್ಕ ತಿಳಿಯಲೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಡಬ್ಬಿ ಮುಚ್ಚಿದ ಜಾಗ ಕಾಲು ಚದರ ಮೀಟರ್. ಸೆಕೆಂಡಿಗೆ 0.01 ಘನ ಮೀಟರ್ ಗಾಳಿ ಹಾದಿದೆ, ಹೊರಬಂದ ಗಾಳಿಯಲ್ಲಿ 200 ಏಕಮಾನ. ಗುಣಿಸಿದರೆ ಸೆಕೆಂಡಿಗೆ 2, ಚದರ ಮೀಟರಿಗೆ 8. ಗುಡ್ಡೆ ಒಂದು ಹೆಕ್ಟೇರ್ ಇದ್ದರೆ ಸೆಕೆಂಡಿಗೆ 80,000 ಏಕಮಾನ.

ಕಾಗದದ ಮೇಲೆ ಇದು ಅಚ್ಚುಕಟ್ಟು. ಕಸದ ಗುಡ್ಡೆ ಮಾತ್ರ ಕೆರೆಯ ನೀರಿನಂತೆ ಸಮನಾಗಿರುವುದಿಲ್ಲ. ಮಣ್ಣು ಮುಚ್ಚಿದ ಕಡೆ ಬಹುತೇಕ ಏನೂ ಏಳದಿರಬಹುದು, ಅಲ್ಲಿಂದ ಹತ್ತು ಹೆಜ್ಜೆಯಾಚೆಯ ಒಂದು ಬಿರುಕಿನಲ್ಲಿ ಅನಿಲ ಬುಸುಗುಟ್ಟುತ್ತಿರಬಹುದು. ಡಬ್ಬಿಯನ್ನು ಎಲ್ಲಿ ಇಟ್ಟರು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಆದ್ದರಿಂದ ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಡಬ್ಬಿ ಇಟ್ಟ ಜಾಗಗಳ ನಕ್ಷೆಯನ್ನು.

ಇನ್ನೊಂದು ದಾರಿ ಕಸದ ವಯಸ್ಸಿನಿಂದ ಅನಿಲದ ಪ್ರಮಾಣ ಊಹಿಸುವುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲ್ಯಾಂಡ್‌ಜೆಮ್ ಎಂಬ ಲೆಕ್ಕಪದ್ಧತಿ ಇದಕ್ಕೆ ಪ್ರಸಿದ್ಧ. ಅದರ ಒಂದು ಸಾಮಾನ್ಯ ಅಂಕಿಯಂತೆ ಕೊಳೆಯಬಲ್ಲ ಕಸದ ಅನಿಲಶಕ್ತಿ ಅರ್ಧಕ್ಕಿಳಿಯಲು ಸುಮಾರು 14 ವರ್ಷ ಬೇಕು. ಲಾರಿ ನಿಂತ ದಿನವೇ ನಾತ ನಿಲ್ಲದಿರುವುದು ಇದರಿಂದ. ಬಿಸಿಲೂ ಮಳೆಯೂ ಹಸಿಕಸವೂ ಜಾಸ್ತಿಯಿರುವ ನಮ್ಮ ಕಡೆ ಕೊಳೆಯುವ ವೇಗ ಹೆಚ್ಚು, ಬೇರೆ ದೇಶದ ಅಂಕಿಯನ್ನು ಹಾಗೇ ಇಳಿಸಿಕೊಂಡರೆ ಲೆಕ್ಕ ದಾರಿ ತಪ್ಪುತ್ತದೆ.

ಎದ್ದ ನಾತವನ್ನು ಊರಿಗೆ ಹೊತ್ತು ತರುವುದು ಗಾಳಿ. ಗಾಳಿಯ ದಿಕ್ಕು, ವೇಗ, ನೆಲದ ಏರಿಳಿತಗಳನ್ನು ಕಂಪ್ಯೂಟರಿಗೆ ಕೊಟ್ಟು ಯಾವ ಮನೆಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರಿ ಚದುರುತ್ತದೆ. ರಾತ್ರಿ ನೆಲ ತಣಿದಾಗ ತಣ್ಣನೆಯ ಗಾಳಿ ಕೆಳಗೇ ಕೂತು ನಾತವನ್ನು ಹಿಡಿದಿಡುತ್ತದೆ. ನಸುಕಿನಲ್ಲಿ ಬಾಗಿಲು ತೆರೆದವರಿಗೆ ಉಸಿರು ಕಟ್ಟಿಸಿದ್ದು, ಕಚೇರಿ ವೇಳೆಯಲ್ಲಿ ಪರಿಶೀಲನೆಗೆ ಬಂದವರಿಗೆ ಸಿಗದೇ ಹೋಗುವುದು ಹೀಗೆ.

ಇಂಗ್ಲೆಂಡಿನ ಮಾರ್ಗಸೂಚಿಯಲ್ಲಿ ಕಸದ ಗುಡ್ಡೆಯಂಥ ತೀರಾ ಕೆಟ್ಟ ವಾಸನೆಗಳಿಗೆ 1.5 ಏಕಮಾನದ ಮಿತಿಯಿದೆ. ವರ್ಷದ ಗಂಟೆಗಳಲ್ಲಿ ನೂರಕ್ಕೆ 2ರಷ್ಟು ಮಾತ್ರ ನಾತ ಅದನ್ನು ಮೀರಬಹುದು. ಅಂದರೆ ಸುಮಾರು 175 ಗಂಟೆ. ಅದೇ ದೇಶದ ಸ್ಟಾಫರ್ಡ್‌ಶೈರ್‌ನಲ್ಲಿ ವಾಲೀಸ್ ಕ್ವಾರಿ ಎಂಬ ಹಳೆಯ ಜೇಡಿಮಣ್ಣಿನ ಗಣಿಯನ್ನು ಕಸದಿಂದ ತುಂಬುತ್ತಿದ್ದರು. 2021ರಲ್ಲಿ ಸುತ್ತಲಿನವರು ಹೈಡ್ರೋಜನ್ ಸಲ್ಫೈಡ್ ನಾತದ ಬಗ್ಗೆ ಸಾವಿರಾರು ದೂರು ಕೊಟ್ಟರು. ಜಿಪ್ಸಂ ಬೆರೆತ ಕಟ್ಟಡ ಕಸ ಹಸಿಕಸದೊಡನೆ ಸೇರಿದರೆ ಗಾಳಿಯಿಲ್ಲದೆಡೆ ಬ್ಯಾಕ್ಟೀರಿಯಾಗಳು ಈ ಅನಿಲವನ್ನೇ ತಯಾರಿಸುತ್ತವೆ. ಜಿಪ್ಸಂ ಚಾವಣಿಯ ಹಲಗೆಗಳು ಬಳಕೆಯಲ್ಲಿರುವ ನಮ್ಮ ನಗರಗಳೂ ಇದನ್ನು ಗಮನಿಸಬೇಕು. ಹೈಡ್ರೋಜನ್ ಸಲ್ಫೈಡ್ ವಾಸನೆಯ ಕಿರಿಕಿರಿ ತಪ್ಪಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿ ಅರ್ಧ ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 7 ಮೈಕ್ರೋಗ್ರಾಂ. ವಾಲೀಸ್ ಕ್ವಾರಿಯ ಸುತ್ತ ಆ ಅನಿಲ ಈ ಮಿತಿಯನ್ನು ಮತ್ತೆ ಮತ್ತೆ ಮೀರಿತು. 2023ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅಳೆಯಲಿಟ್ಟ ಯಂತ್ರಗಳು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಿದ್ದವು. ಊರಿನವರ ಮೂಗೇ ಸರಿಯಾಗಿತ್ತು. 2024ರ ನವೆಂಬರಿನಲ್ಲಿ ಆ ತಾಣವನ್ನು ಮುಚ್ಚುವ ನೋಟಿಸು ಹೊರಟಿತು.

ನಮ್ಮ ದೇಶದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲೇ ವಾಸನೆಯ ಮಾಲಿನ್ಯದ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದೆ. ಅದನ್ನು ಜೀವಂತವಾಗಿಸುವ ಕೆಲಸದಲ್ಲಿ ನಿಮಗೂ ಪಾಲಿದೆ. ನಿಮ್ಮ ಊರ ಬಳಿ ಕಸದ ಗುಡ್ಡೆಯಿದ್ದರೆ ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಗಂಟೆ, ಗಾಳಿ ಬೀಸಿದ ದಿಕ್ಕು, ನಾತ ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆಯಿರಿ. ಬರೀ ‘ಕೆಟ್ಟ ವಾಸನೆ’ ಎಂದು ಬಿಡಬೇಡಿ. ಹಳಸಲೋ, ಕಮಟೋ, ಮುಗ್ಗಲೋ, ಕೊಳೆತ ಮೊಟ್ಟೆಯೋ, ಸುಟ್ಟ ಪ್ಲಾಸ್ಟಿಕ್ಕೋ ಎಂದು ನಮೂದಿಸಿ. ಗುಡ್ಡೆಯ ಯಾವ ಭಾಗದಲ್ಲಿ ಡಬ್ಬಿ ಬೋರಲು ಹಾಕಬೇಕೆಂದು ಅಳೆಯಲು ಬಂದವರಿಗೆ ತೋರಿಸಿಕೊಡುವುದು ಆ ಪದಗಳೇ.